ಸುಂಟಿಕೊಪ್ಪದ ಬಂಗಲೆಯ ಸೇನಾ ಪೆಟ್ಟಿಗೆ: ಕಾಲ, ಮರ ಮತ್ತು ಬೆಲೆ

ಪ್ರಶ್ನೆ: ಸುಂಟಿಕೊಪ್ಪದ ಬಳಿಯ ಹಳೆಯ ಕಾಫಿ ತೋಟದ ಬಂಗಲೆಯೊಂದರ ಸಾಮಾನುಗಳನ್ನು ಕೊಂಡಿರುವ ವ್ಯಾಪಾರಿಯೊಬ್ಬರು ನಮಗೆ ಐದು ಡ್ರಾಯರುಗಳ ಮರದ ಪೆಟ್ಟಿಗೆಯೊಂದನ್ನು ತೋರಿಸಿದ್ದಾರೆ. ಮೇಲಿನ ಅರ್ಧದಲ್ಲಿ ಎರಡು ಸಣ್ಣ ಡ್ರಾಯರು ಮತ್ತು ಒಂದು ಉದ್ದ ಡ್ರಾಯರು, ಕೆಳಗಿನ ಅರ್ಧದಲ್ಲಿ ಎರಡು ಉದ್ದ ಡ್ರಾಯರುಗಳಿದ್ದು, ಎರಡು ಅರ್ಧಗಳನ್ನೂ ಬೇರ್ಪಡಿಸಬಹುದು. ಅಗಲ 39 ಇಂಚು, ಆಳ 18 ಇಂಚು, ಕಾಲು ಸೇರಿ ಎತ್ತರ 42 ಇಂಚು, ಹಲಗೆಯ ದಪ್ಪ ಏಳು ನೂಲು (ಒಂದು ನೂಲೆಂದರೆ ಇಂಚಿನ ಎಂಟನೆಯ ಒಂದು ಭಾಗ). ಮೂಲೆಗಳಿಗೆ ಹಿತ್ತಾಳೆ ಪಟ್ಟಿ, ಮರದೊಳಕ್ಕೆ ಹುದುಗಿಸಿದ ಹಿತ್ತಾಳೆ ಹಿಡಿಕೆಗಳಿವೆ. ಒಂದು ಬೀಗದ ಮೇಲೆ ‘ಹಾಬ್ಸ್ ಅಂಡ್ ಕಂಪನಿ, ಲಂಡನ್’ ಎಂದು ಕೊರೆದಿದೆ. ಡ್ರಾಯರಿನ ತಳದ ಹಲಗೆ ಬೇರೆ ಮರದ್ದು. ಅದರ ಮೇಲೆಲ್ಲ ಮಿನುಗುವ ಚುಕ್ಕೆಗಳಿವೆ. ಇದು ಅಪ್ಪಟ ಬೀಟೆಯದು, 1834ರಲ್ಲಿ ಬ್ರಿಟಿಷ್ ಸೇನೆಯೊಂದಿಗೆ ಮಡಿಕೇರಿಗೆ ಬಂದ ಅಧಿಕಾರಿಯದು ಎಂದು ಹೇಳಿ 2,40,000 ರೂಪಾಯಿ ಕೇಳುತ್ತಿದ್ದಾರೆ. ಹೊಸದಾಗಿ ಪಾಲಿಶ್ ಮಾಡಿಸಿಕೊಡುವುದಾಗಿಯೂ ಹೇಳಿದ್ದಾರೆ. ಇದನ್ನು ಕೊಳ್ಳಬಹುದೇ? ಮುಂದೆ ಕೆನಡಾದಲ್ಲಿರುವ ಮಗಳಿಗೆ ಕಳುಹಿಸಬಹುದೇ?
– ಓದುಗರು, ಗೋಣಿಕೊಪ್ಪಲು

ಉತ್ತರ: ತಾವು ಅಳತೆ ಹಿಡಿದು, ಬೀಗದ ಅಕ್ಷರ ಓದಿ, ಡ್ರಾಯರಿನ ತಳವನ್ನೂ ನೋಡಿ ಬರೆದಿರುವುದರಿಂದ ಪೆಟ್ಟಿಗೆಯನ್ನು ಕಣ್ಣಾರೆ ಕಾಣದೆಯೂ ಕೆಲವು ಮಾತುಗಳನ್ನು ಖಚಿತವಾಗಿ ಹೇಳಬಹುದು. ತಮ್ಮ ವಿವರಣೆಯನ್ನು ಓದಿದ ಮೇಲೆ ನನಗೆ ಮೂಡಿದ ಅಭಿಪ್ರಾಯವನ್ನು ಮೊದಲೇ ತಿಳಿಸುತ್ತೇನೆ: ಈ ಪೆಟ್ಟಿಗೆ 1834ರದ್ದಾಗಿರುವ ಸಾಧ್ಯತೆ ತೀರಾ ಕಡಿಮೆ; ಇದು ನಮ್ಮ ದಕ್ಷಿಣ ಭಾರತದಲ್ಲೇ, ಬಹುಶಃ ಕೊಡಗಿನಲ್ಲೋ ಮಲಬಾರಿನಲ್ಲೋ, ಅದಕ್ಕಿಂತ ಬಹಳ ತಡವಾಗಿ ತಯಾರಾದ ವಸ್ತುವಿರಬೇಕು. ಹಾಗಿದ್ದರೂ ಅದು ಕೊಳ್ಳಲು ಯೋಗ್ಯವಾದ ಒಳ್ಳೆಯ ಪೆಟ್ಟಿಗೆಯಾಗಿರಬಹುದು. ಆದರೆ ಮುಂದೆ ಹೇಳುವ ಪರೀಕ್ಷೆಗಳು ಮುಗಿಯುವವರೆಗೆ ಮುಂಗಡ ಕೊಡಬೇಡಿ, ಪಾಲಿಶ್ ಮಾಡಿಸಲು ಖಂಡಿತ ಒಪ್ಪಬೇಡಿ.

ಎರಡು ಭಾಗವಾಗಿ ಬಿಚ್ಚಿಕೊಳ್ಳುವ, ಮೂಲೆಗಳಿಗೆ ಹಿತ್ತಾಳೆ ಕಟ್ಟಿದ ಇಂಥ ಪೆಟ್ಟಿಗೆಗಳು ದಂಡಿನ ಜೊತೆ ಊರಿಂದೂರಿಗೆ ಸಾಗುತ್ತಿದ್ದ ಅಧಿಕಾರಿಗಳಿಗಾಗಿ ರೂಪುಗೊಂಡವು. ಭಾರ ಅರ್ಧವಾಗಲೆಂದು ನಡುವೆ ಬೇರ್ಪಡಿಸುವ ವ್ಯವಸ್ಥೆ, ಪ್ರಯಾಣದಲ್ಲಿ ತಗುಲಿ ಮುರಿಯದಿರಲೆಂದು ಒಳಕ್ಕೆ ಹುದುಗಿಸಿದ ಹಿಡಿಕೆ, ತಿರುಗಿಸಿ ಕಳಚಿಡಬಹುದಾದ ಕಡೆದ ಕಾಲುಗಳು, ಮೂಲೆ ಜಜ್ಜಿಹೋಗದಂತೆ ಹಿತ್ತಾಳೆ, ಹೀಗೆ ಪ್ರತಿಯೊಂದಕ್ಕೂ ಕಾರಣವಿದೆ. ಈ ಮಾದರಿ ಸೈನಿಕರಿಗೆ ಮಾತ್ರ ಸೀಮಿತವಾಗಿ ಉಳಿಯಲಿಲ್ಲ. ಆಡಳಿತಗಾರರು, ಪಾದ್ರಿಗಳು, ತೋಟದ ದೊರೆಗಳು ಎಲ್ಲರೂ ಇದನ್ನು ಇಟ್ಟುಕೊಂಡರು, ಮತ್ತು 19ನೇ ಶತಮಾನದುದ್ದಕ್ಕೂ, 20ನೇ ಶತಮಾನದಲ್ಲೂ ಇದೇ ಆಕಾರದಲ್ಲಿ ಪೆಟ್ಟಿಗೆಗಳು ತಯಾರಾಗುತ್ತಲೇ ಬಂದವು. ಅಲಂಕಾರಕ್ಕಾಗಿ ಇಂದಿಗೂ ತಯಾರಾಗುತ್ತಿವೆ. ಆದ್ದರಿಂದ ಆಕಾರ ನೋಡಿ ಕಾಲ ಹೇಳುವುದು ಸಾಧ್ಯವಿಲ್ಲ. ಪೆಟ್ಟಿಗೆಯ ಪಕ್ಕದ ಹಲಗೆಗಳಲ್ಲಿ ಎತ್ತಿಕೊಳ್ಳುವ ಹಿಡಿಕೆಗಳಿವೆಯೇ, ಕಾಲುಗಳು ನಿಜವಾಗಿಯೂ ತಿರುಗಿಸಿದರೆ ಬಿಚ್ಚಿಕೊಳ್ಳುತ್ತವೆಯೇ ಎಂಬುದನ್ನು ತಾವು ಬರೆದಿಲ್ಲ. ಪ್ರಯಾಣಕ್ಕಾಗಿ ಮಾಡಿದ ಪೆಟ್ಟಿಗೆಗೂ ಅದರ ನೋಟವನ್ನಷ್ಟೇ ಅನುಕರಿಸಿದ ಪೆಟ್ಟಿಗೆಗೂ ಇರುವ ವ್ಯತ್ಯಾಸ ಅಲ್ಲೇ ಮೊದಲು ಕಾಣಿಸುತ್ತದೆ.

ಕೊಡಗಿನ ರಾಜ್ಯವನ್ನು ಬ್ರಿಟಿಷರು ವಶಪಡಿಸಿಕೊಂಡದ್ದು 1834ರಲ್ಲಿ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದ, ಇಲ್ಲಿ ಹಳೆಯ ಸಾಮಾನು ಮಾರುವವರ ಬಾಯಲ್ಲಿ ಆ ವರ್ಷ ಸುಲಭವಾಗಿ ಬರುತ್ತದೆ. ಆದರೆ ಬಂಗಲೆಯ ಸಾಮಾನೆಂದರೆ ತೋಟದ ಸಾಮಾನು, ಮತ್ತು ಕೊಡಗಿನಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಆರಂಭವಾದದ್ದೇ 1850ರ ದಶಕದಲ್ಲಿ. ಒಂದು ಪೆಟ್ಟಿಗೆ 1834ರಲ್ಲಿ ಮಡಿಕೇರಿ ಕೋಟೆಗೆ ಬಂದು, ಇಪ್ಪತ್ತು ವರ್ಷಗಳಾದ ಮೇಲೆ ಸುಂಟಿಕೊಪ್ಪದ ಬಂಗಲೆಗೆ ಸೇರಿರಬಾರದೆಂದೇನೂ ಇಲ್ಲ; ಆದರೆ ಹಾಗೆ ಹೇಳುವವರು ಅದಕ್ಕೊಂದು ಕಾಗದ ತೋರಿಸಬೇಕು. ಬಂಗಲೆ ಕೈಬದಲಾದಾಗ ಕ್ರಯಪತ್ರದ ಜೊತೆಗೆ ಬರೆದಿಟ್ಟ ಸಾಮಾನಿನ ಪಟ್ಟಿ, ಕೋಣೆಯ ಒಳಭಾಗದ ಹಳೆಯ ಛಾಯಾಚಿತ್ರ, ಪೆಟ್ಟಿಗೆಯ ಹಿಂಬದಿಯಲ್ಲೋ ಡ್ರಾಯರಿನ ಅಡಿಯಲ್ಲೋ ಬಣ್ಣದಲ್ಲಿ ಬರೆದ ಹೆಸರು ಮತ್ತು ರೆಜಿಮೆಂಟಿನ ಗುರುತು, ರೈಲಿನಲ್ಲಿ ಸಾಗಿಸಿದ ಚೀಟಿ, ಇವುಗಳಲ್ಲಿ ಯಾವುದಾದರೊಂದು ಸಿಕ್ಕಿದರೂ ಅದಕ್ಕೆ ಬೆಲೆಯಿದೆ. ತಯಾರಕರ ಹೆಸರಿನ ಮುದ್ರೆಯೂ ಕಾಲವನ್ನು ಹೇಳುತ್ತದೆ. ಉದಾಹರಣೆಗೆ, ಇಂಥ ಸಾಮಾನುಗಳ ಮೇಲೆ ಕಾಣಬರುವ ‘ಆರ್ಮಿ ಅಂಡ್ ನೇವಿ’ ಸಹಕಾರ ಸಂಘ ಲಂಡನ್ನಿನಲ್ಲಿ ಸ್ಥಾಪನೆಯಾದದ್ದು 1871ರಲ್ಲಿ. ಮದರಾಸಿನ ಕರ್ಜನ್ ಕಂಪನಿ ಆರಂಭವಾದದ್ದು 1898ರಲ್ಲಿ.

ಬೀಗದ ಮೇಲಿನ ಹೆಸರನ್ನೂ ಹೀಗೆಯೇ ಓದಬೇಕು. ಆಲ್ಫ್ರೆಡ್ ಹಾಬ್ಸ್ ಎಂಬ ಅಮೆರಿಕದ ಬೀಗ ತಜ್ಞ 1851ರ ಲಂಡನ್ ಮಹಾ ಪ್ರದರ್ಶನದ ಸಮಯದಲ್ಲಿ, ಯಾರಿಂದಲೂ ತೆರೆಯಲಾಗದೆಂದು ಖ್ಯಾತವಾಗಿದ್ದ ಚಬ್ ಮತ್ತು ಬ್ರಾಮಾ ಬೀಗಗಳನ್ನು ಕೀಲಿಕೈ ಇಲ್ಲದೆ ತೆರೆದು ತೋರಿಸಿ ಹೆಸರಾದವನು. ಅವನ ಹೆಸರಿನ ಬೀಗಗಳು ಲಂಡನ್ನಿನಿಂದ ಹೊರಬಿದ್ದದ್ದು ಅದಾದ ಮೇಲೆ. ಎಂದರೆ ಆ ಬೀಗ ಪೆಟ್ಟಿಗೆಯ ಜೊತೆಗೇ ಹುಟ್ಟಿದ್ದಾದರೆ 1834ರ ಮಾತು ಅಲ್ಲಿಗೇ ಮುಗಿಯಿತು. ಆದರೆ ಬೀಗಗಳನ್ನು ಬದಲಿಸುವುದು ಸಾಮಾನ್ಯವಾದ್ದರಿಂದ, ಈ ಒಂದೇ ಸಾಕ್ಷ್ಯದಿಂದ ತೀರ್ಮಾನಕ್ಕೆ ಬರುವುದು ನ್ಯಾಯವಲ್ಲ. ಆ ಡ್ರಾಯರನ್ನು ಹೊರಗೆ ತೆಗೆದು, ಬೀಗ ಕೂರಿಸಲು ಉಳಿಯಿಂದ ತೋಡಿದ ಗುಳಿಯನ್ನು ನೋಡಿ. ಬೀಗ ಗುಳಿಗೆ ಸರಿಯಾಗಿ ಕೂತಿದೆಯೇ, ಸುತ್ತ ಸಂದು ಉಳಿದಿದೆಯೇ, ಪಕ್ಕದಲ್ಲಿ ಬೇರೊಂದು ಬೀಗದ ತಿರುಪುಗಳ ಮುಚ್ಚಿದ ತೂತುಗಳಿವೆಯೇ? ಉಳಿದ ನಾಲ್ಕು ಡ್ರಾಯರುಗಳ ಬೀಗಗಳು ಇದೇ ಗಾತ್ರದವಾಗಿದ್ದು, ಅವುಗಳ ಗುಳಿಗಳೂ ಒಂದೇ ಕೈಯ ಕೆಲಸವೆನ್ನಿಸಿದರೆ ಬೀಗಗಳನ್ನು ಮೂಲದವೆಂದೇ ಎಣಿಸಬಹುದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ವಿಷಯಕ್ಕೆ ಬರುತ್ತೇನೆ. ಡ್ರಾಯರಿನ ತಳದಲ್ಲಿ ಮಿನುಗುವ ಚುಕ್ಕೆಗಳಿವೆ ಎಂದು ತಾವು ಬರೆದ ಒಂದು ಸಾಲು, ಮಾರುವವರು ಹೇಳಿದ ಇಡೀ ಕಥೆಗಿಂತ ಹೆಚ್ಚಿನದನ್ನು ಹೇಳುತ್ತದೆ. ಹೊರಮೈಗೆ ಒಳ್ಳೆಯ ಮರವನ್ನೂ, ಕಣ್ಣಿಗೆ ಬೀಳದ ತಳ, ಬೆನ್ನು ಮತ್ತು ಒಳಪಟ್ಟಿಗಳಿಗೆ ಅಗ್ಗದ ಮರವನ್ನೂ ಬಳಸುವುದು ಎಲ್ಲ ದೇಶದ ಬಡಗಿಗಳ ರೂಢಿ, ಮತ್ತು ಆ ಅಗ್ಗದ ಮರ ಸಾಮಾನ್ಯವಾಗಿ ಕೆಲಸ ನಡೆದ ಊರಿನಲ್ಲಿ ಸುಲಭವಾಗಿ ಸಿಗುವಂಥದ್ದೇ ಆಗಿರುತ್ತದೆ. ಬೀಟೆ, ಮಹಾಗನಿ ಸಮುದ್ರ ದಾಟಿ ಹೋಗುತ್ತವೆ. ಡ್ರಾಯರಿನ ತಳಕ್ಕಾಗಿ ದುಬಾರಿ ಮರವನ್ನು ದೂರದಿಂದ ತರಿಸುವುದು ಅಪರೂಪ. ಇಂಗ್ಲೆಂಡಿನಲ್ಲಿ ತಯಾರಾದ ಪೆಟ್ಟಿಗೆಯ ಒಳಗೆ ಹೆಚ್ಚಾಗಿ ಪೈನ್ ಅಥವಾ ಓಕ್ ಇರುತ್ತದೆ. ನಮ್ಮ ಕಡೆಯದರಲ್ಲಿ ಹಲಸು, ಹೆಬ್ಬಲಸು, ನಂದಿ, ಅಗ್ಗದ ದರ್ಜೆಯ ತೇಗ, ಮತ್ತು ತೋಟದ ನಾಡಾದ ಕೊಡಗಿನಲ್ಲಿ, ಸಿಲ್ವರ್ ಓಕ್.

ಮಿನುಗುವ ಚುಕ್ಕೆಗಳು ಇಂಗ್ಲೆಂಡಿನ ಓಕ್ ಮರದಲ್ಲೂ ಇವೆ, ಸಿಲ್ವರ್ ಓಕಿನಲ್ಲೂ ಇವೆ. ಹೆಸರಿನಲ್ಲಿ ಸಾಮ್ಯವಿದ್ದರೂ ಇವೆರಡೂ ಸಂಬಂಧವೇ ಇಲ್ಲದ ಮರಗಳು. ಇವನ್ನು ಬೇರ್ಪಡಿಸುವುದು ತಮ್ಮ ಪ್ರಶ್ನೆಯ ಕೀಲಿ. ತಳದ ಹಲಗೆಯ ಅಡ್ಡ ಕತ್ತರಿಸಿದ ತುದಿಯನ್ನು ಹುಡುಕಿ, ಹೊಸ ಬ್ಲೇಡಿನಿಂದ ಉಗುರಿನಗಲದಷ್ಟು ನಯವಾಗಿ ಹೆರೆದು, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿ. ಓಕಿನಲ್ಲಿ ವರ್ಷದ ಉಂಗುರ ಆರಂಭವಾಗುವಲ್ಲಿ ಬರಿಗಣ್ಣಿಗೂ ಕಾಣುವಷ್ಟು ದೊಡ್ಡ ರಂಧ್ರಗಳು ಸಾಲಾಗಿ ನಿಂತು, ಮುಂದೆ ಹೋದಂತೆ ಸಣ್ಣದಾಗುತ್ತವೆ. ಸಿಲ್ವರ್ ಓಕಿನಲ್ಲಿ ಅಂಥ ಉಂಗುರವಿರದೆ, ಕೇಂದ್ರದಿಂದ ಹೊರಟ ದಪ್ಪ ಗೆರೆಗಳ ನಡುನಡುವೆ ರಂಧ್ರಗಳು ಬಾಗಿದ ತೋರಣಗಳಂತೆ ಜೋಲುತ್ತವೆ. ಹಲಗೆಯ ಮೈ ನೋಡಿದರೆ, ಓಕಿನ ಚುಕ್ಕೆಗಳು ಅಲ್ಲಲ್ಲಿ ಉದ್ದುದ್ದ ಪಟ್ಟಿಗಳಾಗಿದ್ದರೆ ಸಿಲ್ವರ್ ಓಕಿನವು ಮೈತುಂಬ ಒತ್ತೊತ್ತಾಗಿ, ಗುಲಾಬಿ ಛಾಯೆಯ ಕಂದು ಬಣ್ಣದ ಮೇಲೆ ಹರಡಿರುತ್ತವೆ. ಕಬ್ಬಿಣದ ಮೊಳೆಯ ಸುತ್ತ ಓಕ್ ನೀಲಿಗಪ್ಪಾಗುತ್ತದೆ, ಏಕೆಂದರೆ ಅದರ ಒಗರು ಕಬ್ಬಿಣದೊಂದಿಗೆ ಸೇರಿ ಶಾಯಿಯಾಗುತ್ತದೆ; ಎತ್ತಿ ನೋಡಿದರೆ ಓಕ್ ಹೆಚ್ಚು ಭಾರ. ತೋಟಗಾರರಾದ ತಮ್ಮ ನೆರೆಹೊರೆಯವರ ಸಾಮಿಲ್ಲಿನಲ್ಲಿ ಸಿಲ್ವರ್ ಓಕಿನ ತುಂಡೊಂದು ಸಿಗುವುದು ಕಷ್ಟವಲ್ಲ. ಅದನ್ನು ಪಕ್ಕದಲ್ಲಿಟ್ಟು ಹೋಲಿಸಿ.

ಅದು ಸಿಲ್ವರ್ ಓಕೇ ಆಗಿದ್ದರೆ, ಆಸ್ಟ್ರೇಲಿಯಾ ಮೂಲದ ಈ ಮರ ಕಾಫಿ, ಚಹಾ ತೋಟಗಳ ನೆರಳಿಗಾಗಿ ನಮ್ಮ ಬೆಟ್ಟಗಳಿಗೆ ಬಂದದ್ದು, ಮತ್ತು ನೆಟ್ಟ ಮರ ಹಲಗೆ ಕೊಯ್ಯುವ ಗಾತ್ರಕ್ಕೆ ಬರಲು ದಶಕಗಳು ಬೇಕು ಎಂಬುದನ್ನು ನೆನಪಿಡಬೇಕು. ಹಾಗಾದರೆ ಪೆಟ್ಟಿಗೆ ತೋಟಗಳು ಬೆಳೆದು ನಿಂತ ಮೇಲಿನ ಕಾಲದ್ದು. 19ನೇ ಶತಮಾನದ ಕೊನೆಗಿಂತ ಹಿಂದಕ್ಕೆ ಅದನ್ನು ಒಯ್ಯಲು ನಾನು ಸಿದ್ಧನಿಲ್ಲ, 20ನೇ ಶತಮಾನವೆನ್ನುವುದೇ ಹೆಚ್ಚು ಸರಿ. ತಳದ ಹಲಗೆಗಳನ್ನು ಮಾತ್ರ ನಂತರ ಬದಲಿಸಿದ್ದಾರೆಯೇ ಎಂಬ ಸಂದೇಹ ಉಳಿಯುತ್ತದೆ. ಐದೂ ಡ್ರಾಯರುಗಳ ತಳ ಒಂದೇ ಮರದ್ದಾಗಿದ್ದು, ಹಲಗೆಯ ಅಂಚು ಪಕ್ಕದ ಪಟ್ಟಿಗಳಲ್ಲಿ ತೋಡಿದ ಗಾಡಿಗೆ (ಉದ್ದನೆಯ ಸಂದಿಗೆ) ಬಿಗಿಯಾಗಿ ಕೂತಿದ್ದು, ಪೆಟ್ಟಿಗೆಯ ಹಿಂಬದಿಯ ಹಲಗೆಗಳೂ ಅದೇ ಮರದವಾಗಿದ್ದರೆ ಅವು ಮೂಲದವು. ಒಂದೆರಡರಲ್ಲಿ ಮಾತ್ರ ಇದ್ದರೆ ರಿಪೇರಿ.

ಇಲ್ಲಿ ಒಂದು ನಿಯಮವನ್ನು ಒತ್ತಿ ಹೇಳಬೇಕು: ಒಂದು ವಸ್ತುವಿನ ಕಾಲವನ್ನು ನಿರ್ಧರಿಸುವುದು ಅದರ ಮೂಲ ಭಾಗಗಳಲ್ಲಿ ಎಲ್ಲಕ್ಕಿಂತ ಹೊಸದಾದದ್ದು. ಇಂಗ್ಲಿಷ್ ಕೈಪಿಡಿಗಳನ್ನು ಓದಿದವರು, ಡ್ರಾಯರಿನ ಮೂಲೆಯಲ್ಲಿ ಹಕ್ಕಿಬಾಲದಾಕಾರದ ಹಲ್ಲುಗಳು ಒಂದರೊಳಗೊಂದು ಕೂರುವ ಡವ್‌ಟೇಲ್ ಜೋಡಣೆ ಕೈಯಿಂದ ಕತ್ತರಿಸಿದ್ದು, ಹಲಗೆಯ ಮೇಲೆ ಕೈಗರಗಸದ ಓರೆಗೀರುಗಳಿವೆ, ಆದ್ದರಿಂದ ಇದು 19ನೇ ಶತಮಾನದ ಮೊದಲರ್ಧದ್ದು ಎಂದು ಹೇಳಿಬಿಡುತ್ತಾರೆ. ಯಂತ್ರಗಳು ಬೇಗ ಬಂದ ಆ ದೇಶಕ್ಕೆ ಅದು ಒಪ್ಪುತ್ತದೆ. ನಮ್ಮಲ್ಲಿ ಮರವನ್ನು ಅಟ್ಟಕ್ಕೇರಿಸಿ ಮೇಲೊಬ್ಬ ಕೆಳಗೊಬ್ಬ ನಿಂತು ಗರಗಸ ಎಳೆಯುವ ಕೆಲಸ 20ನೇ ಶತಮಾನದಲ್ಲೂ ನಡೆದಿತ್ತು, ಮತ್ತು ಒಳ್ಳೆಯ ಆಚಾರಿ ಇಂದಿಗೂ ಡವ್‌ಟೇಲನ್ನು ಉಳಿಯಿಂದಲೇ ತೆಗೆಯುತ್ತಾನೆ. ಆದ್ದರಿಂದ ಕೈಕೆಲಸದ ಗುರುತು ಕೊಡಗಿನಲ್ಲಿ ಹಳೆತನವನ್ನು ಸಾಬೀತು ಮಾಡುವುದಿಲ್ಲ. ಯಂತ್ರದ ಗುರುತು ಮಾತ್ರ ಹೊಸತನವನ್ನು ಖಂಡಿತ ಸಾಬೀತು ಮಾಡುತ್ತದೆ. ದುಂಡು ಗರಗಸದ ಬಿಲ್ಲಿನಾಕಾರದ ಗೀರು, ಕಾಣದ ಜಾಗದಲ್ಲಿ ಪ್ಲೈವುಡ್, ಒಂದೇ ಅಳತೆಯಲ್ಲಿ ಅಚ್ಚೊತ್ತಿದಂತಿರುವ ಜೋಡಣೆ, ನಕ್ಷತ್ರದ ತಲೆಯ ತಿರುಪು (ಇದು 1930ರ ದಶಕದ ಆವಿಷ್ಕಾರ), ಇವುಗಳನ್ನು ಹುಡುಕಿ.

ಮಾರುವವರ ಅನುಮತಿ ಪಡೆದು ಒಂದು ಹಿತ್ತಾಳೆ ಪಟ್ಟಿಯ ತಿರುಪನ್ನು ಮೆಲ್ಲನೆ ಬಿಚ್ಚಿಸಿ ನೋಡಿದರೆ ಇನ್ನಷ್ಟು ತಿಳಿಯುತ್ತದೆ. ಚೂಪು ಮೊನೆಯ ಯಂತ್ರನಿರ್ಮಿತ ತಿರುಪುಗಳು ಬಳಕೆಗೆ ಬಂದದ್ದು 19ನೇ ಶತಮಾನದ ನಡುವಿನಲ್ಲಿ. ಬರ್ಮಿಂಗ್‌ಹ್ಯಾಮಿನಲ್ಲಿ ಅವು ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿದ್ದು 1854ರ ನಂತರ. ಅದಕ್ಕೂ ಹಿಂದಿನವು ಮೊನೆಯಿಲ್ಲದ ಮೊಂಡು ತಿರುಪುಗಳು. ತಲೆಯ ಗೀರು ಹಲವೊಮ್ಮೆ ನಡುವಿನಿಂದ ಸರಿದಿರುತ್ತದೆ, ಎಳೆಗಳು ಏರುಪೇರಾಗಿರುತ್ತವೆ. ಹಿತ್ತಾಳೆಗೆ ಒಂದು ಸಣ್ಣ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಅದು ಹಿತ್ತಾಳೆ ಲೇಪಿಸಿದ ಉಕ್ಕು. ನಿಜವಾದ ಹಳೆಯ ಪೆಟ್ಟಿಗೆಗಳಲ್ಲಿ ಮೂಲೆಪಟ್ಟಿ ಮರದಲ್ಲಿ ತೋಡಿದ ಗಾಡಿಯೊಳಗೆ ಕೂತು ಹಲಗೆಯ ಮೈಗೆ ಸಮವಾಗಿರುತ್ತದೆ. ಅನುಕರಣೆಗಳಲ್ಲಿ ತೆಳು ತಗಡನ್ನು ಮೇಲೆಯೇ ಬಡಿದಿರುತ್ತಾರೆ. ಹಿಡಿಕೆಗಳ ಹಿಂದೆ, ಡ್ರಾಯರಿನ ಒಳಮುಖದಲ್ಲಿ, ಈಗಿನ ತಿರುಪುಗಳಿಗೆ ಸಂಬಂಧಿಸದ ಮುಚ್ಚಿದ ತೂತುಗಳಿದ್ದರೆ ಮೊದಲು ಬೇರೆ ಹಿಡಿಕೆಗಳಿದ್ದವು, ಎಂದರೆ ಸಾದಾ ಪೆಟ್ಟಿಗೆಯೊಂದನ್ನು ಸೇನಾ ಪೆಟ್ಟಿಗೆಯಾಗಿ ಪರಿವರ್ತಿಸಿದ್ದಾರೆ ಎಂದು ತಿಳಿಯಬೇಕು.

ಎರಡು ಭಾಗದ ಪೆಟ್ಟಿಗೆಗಳಲ್ಲಿ ಇನ್ನೊಂದು ಅಪಾಯವಿದೆ. ಒಂದು ಪೆಟ್ಟಿಗೆಯ ಮೇಲಿನ ಅರ್ಧವನ್ನು ಬೇರೊಂದರ ಕೆಳಗಿನ ಅರ್ಧದೊಂದಿಗೆ ಜೋಡಿಸಿ ಮಾರುವುದುಂಟು. ಮೇಲಿನ ಭಾಗವನ್ನು ಎತ್ತಿ ಕೆಳಗಿಟ್ಟು, ಕೆಳಭಾಗದ ತಲೆಯ ಹಲಗೆಯನ್ನು ನೋಡಿ. ಅದು ಎಂದೂ ಕಣ್ಣಿಗೆ ಬೀಳದ ಜಾಗವಾದ್ದರಿಂದ ಅಲ್ಲಿ ಪಾಲಿಶ್ ಇರಬಾರದು, ಕೀಸುಳಿಯ ಒರಟು ಗೆರೆಗಳು ಹಾಗೆಯೇ ಉಳಿದಿರಬೇಕು. ಅಲ್ಲಿ ನಯವಾದ ಪಾಲಿಶ್, ಲೋಟದ ಕಲೆ, ಬಿಸಿಲಿಗೆ ಮಾಸಿದ ಬಣ್ಣ ಕಂಡರೆ ಆ ಅರ್ಧ ಹಿಂದೊಮ್ಮೆ ತಾನೇ ಒಂದು ಪೂರ್ಣ ಪೆಟ್ಟಿಗೆಯಾಗಿತ್ತು. ಎರಡೂ ಅರ್ಧಗಳ ಹಿಂಬದಿಯ ಹಲಗೆ, ಡ್ರಾಯರಿನ ಪಕ್ಕಪಟ್ಟಿಗಳ ದಪ್ಪ, ಡವ್‌ಟೇಲಿನ ಸಂಖ್ಯೆ ಮತ್ತು ಓರೆ, ಬೀಗಗಳ ಗಾತ್ರ, ಇವು ಒಂದಕ್ಕೊಂದು ಹೊಂದಬೇಕು. ಹೀಗೆ ಕೂಡಿಸಿದ ಪೆಟ್ಟಿಗೆಗೆ, ಅದು ಎಷ್ಟೇ ಹಳೆಯದಿರಲಿ, ಸರಿಜೋಡಿಯ ಅರ್ಧ ಬೆಲೆಗಿಂತ ಹೆಚ್ಚು ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಸವೆತವನ್ನು ಡ್ರಾಯರು ಜಾರುವ ಅಂಚುಗಳಲ್ಲಿ ನೋಡಬೇಕು. ನೂರು ವರ್ಷ ಎಳೆದು ನೂಕಿದ ಡ್ರಾಯರಿನ ಕೆಳಂಚು ಮುಂಭಾಗಕ್ಕಿಂತ ಹಿಂಭಾಗದಲ್ಲಿ ಹೆಚ್ಚು ಸವೆದು ಬಾಗಿರುತ್ತದೆ, ಅದು ಜಾರುವ ಪಟ್ಟಿಯಲ್ಲಿ ಅದಕ್ಕೆ ಹೊಂದುವ ತಗ್ಗು ಬಿದ್ದಿರುತ್ತದೆ. ಡ್ರಾಯರಿನ ಒಳಗೆ ಬಣ್ಣ ಬಳಿದಿರಬಾರದು. ಪಾಲಿಶ್ ಕಾಣದ ಮರ ಗಾಳಿಗೆ ತಾನಾಗಿ ಮಂಕಾಗುತ್ತದೆ, ಆ ಮಂಕು ಹಿಂದೆ ಮುಂದೆ ಒಂದೇ ತೆರನಾಗಿರುವುದಿಲ್ಲ. ಕೊಡಗಿನಲ್ಲಿ ಹಳೆಯ ಮನೆಗಳನ್ನು ಬಿಚ್ಚಿದಾಗ ಸಿಗುವ ತೊಲೆ, ಬಾಗಿಲುಗಳಿಂದ ಹೊಸ ಸಾಮಾನು ಮಾಡುವವರಿದ್ದಾರೆ. ಆ ಮರಕ್ಕೆ ನಿಜವಾಗಿಯೂ ಇನ್ನೂರು ವರ್ಷವಾಗಿರಬಹುದು, ಆದರೆ ಪೆಟ್ಟಿಗೆಗೆ ಎರಡು ವರ್ಷ. ಈಗಿನ ಆಕಾರಕ್ಕೆ ಸಂಬಂಧವಿಲ್ಲದ ಮೊಳೆತೂತುಗಳ ಸಾಲು, ತುಂಡು ಹಾಕಿ ಮುಚ್ಚಿದ ಚೌಕ ತೂತು, ಸಂದಿನಲ್ಲಿ ಉಳಿದ ಸುಣ್ಣದ ಬಿಳುಪು ಅದನ್ನು ಹೇಳಿಬಿಡುತ್ತವೆ.

ಇನ್ನು ಬೀಟೆಯ ಪ್ರಶ್ನೆ. ಹಲಸು ಕೊಯ್ದಾಗ ಹಳದಿಯಾಗಿದ್ದು, ದಶಕಗಳು ಕಳೆದಂತೆ ಜೇನುಗಂದಾಗಿ, ಮುಂದೆ ಕಡುಗಂದಾಗುತ್ತದೆ. ಮೇಲೆ ಬಣ್ಣ ಸೇರಿಸಿದ ಪಾಲಿಶ್ ಬಿದ್ದರೆ ಅದನ್ನು ಬೀಟೆಯೆಂದು ದಾಟಿಸುವುದು ಸುಲಭ. ಹೊನ್ನೆ, ಮತ್ತಿ ಮರಗಳಿಗೂ ಇದೇ ಗತಿ. ಬೀಟೆಯ ಕೆಚ್ಚಿನಲ್ಲಿ (ಕಾಂಡದ ಗಟ್ಟಿ ಒಳಭಾಗದಲ್ಲಿ) ನೇರಳೆ ಛಾಯೆಯ ಕಂದಿನ ಮೇಲೆ ಕಪ್ಪು ಗೆರೆಗಳು ಹರಿಯುತ್ತವೆ, ಮತ್ತು ಆ ಬಣ್ಣ ಮರದ ಒಳಗೂ ಇರುತ್ತದೆ. ಕಾಲು ಕೂರುವ ಜಾಗದ ಅಡಿಯಲ್ಲಿ ಒಂದಿಷ್ಟು ಹೆರೆದರೆ ಸಾಕು, ಬಣ್ಣ ಬಳಿದದ್ದೋ ಹುಟ್ಟಿನದೋ ಗೊತ್ತಾಗುತ್ತದೆ. ತೇಗವಾದರೆ ಉಂಗುರಗಳು ಸ್ಪಷ್ಟವಾಗಿ ಕಂಡು, ಹೆರೆದ ಜಾಗ ಎಣ್ಣೆಯಂತೆ ಜಿಡ್ಡಾಗಿ, ಹದ ಮಾಡಿದ ತೊಗಲಿನ ವಾಸನೆ ಬರುತ್ತದೆ.

ನೆರವಿಗೆ ಬರುವ ಇನ್ನೊಂದು ಪರೀಕ್ಷೆ ತೂಕದ್ದು. ಒಣಗಿದ ಬೀಟೆ ಒಂದು ಘನ ಅಡಿಗೆ ಸುಮಾರು 24 ಕಿಲೋ, ತೇಗ ಸುಮಾರು 18ರಿಂದ 19 ಕಿಲೋ ತೂಗುತ್ತದೆ. ತಾವು ಕೊಟ್ಟ ಅಳತೆಯ ಪ್ರಕಾರ, ಡ್ರಾಯರು ಮತ್ತು ಕಾಲುಗಳನ್ನು ತೆಗೆದರೆ ಉಳಿಯುವ ಎರಡು ಗೂಡುಗಳ ಪಕ್ಕ, ತಲೆ, ತಳದ ಹಲಗೆಗಳು ಸೇರಿ ಎರಡು ಘನ ಅಡಿಗಿಂತ ಸ್ವಲ್ಪ ಹೆಚ್ಚಾಗುತ್ತವೆ. ಹಿಂಬದಿಯ ಹಲಗೆಗೆ ಎಂಟು ಕಿಲೋ, ಹಿತ್ತಾಳೆಗೆ ಎರಡು ಮೂರು ಕಿಲೋ ಸೇರಿಸಿ. ಎರಡೂ ಗೂಡುಗಳು ಬೀಟೆಯವಾದರೆ ಒಟ್ಟು 60 ಕಿಲೋ ದಾಟಬೇಕು, ತೇಗದವಾದರೆ 50ರ ಆಸುಪಾಸು ನಿಲ್ಲಬೇಕು. ಕಾಫಿ ಮೂಟೆ ತೂಗುವ ತಕ್ಕಡಿ ಯಾವ ತೋಟದಲ್ಲೂ ಸಿಗುತ್ತದೆ. ಮಳೆಗಾಲದಲ್ಲಿ ಮರ ನೀರು ಹೀರಿ ಭಾರವಾಗುವುದರಿಂದ ಬೇಸಿಗೆಯಲ್ಲಿ ತೂಗಿದರೆ ಇನ್ನೂ ನಂಬಬಹುದು.

ಪಾಲಿಶ್ ಮಾಡಿಸಿಕೊಡುವ ಮಾತಿಗೆ ಒಪ್ಪಬೇಡಿ ಎಂದೆ. ಯಂತ್ರದಿಂದ ಉಜ್ಜಿ ಮೇಲ್ಮೈ ತೆಗೆದರೆ ದಶಕಗಳ ಬೆಳಕು, ಗಾಳಿ, ಕೈಸ್ಪರ್ಶದಿಂದ ಮೂಡಿದ ಬಣ್ಣ ಹೋಗುತ್ತದೆ, ಹಿತ್ತಾಳೆ ಪಟ್ಟಿಯ ಅಂಚಿನಲ್ಲಿ ಮರ ತಗ್ಗುತ್ತದೆ, ಉಪಕರಣದ ಗೀರುಗಳು ಅಳಿದು ಮೇಲೆ ಹೇಳಿದ ಸಾಕ್ಷ್ಯಗಳೂ ಇಲ್ಲವಾಗುತ್ತವೆ. ಈಗಿರುವ ಲೇಪ ಯಾವುದೆಂದು ತಿಳಿಯಲು, ಕಾಣದ ಮೂಲೆಯಲ್ಲಿ ಹತ್ತಿಯಿಂದ ಒಂದು ಹನಿ ಸ್ಪಿರಿಟ್ ಒತ್ತಿ. ಮೆತ್ತಗಾಗಿ ಅಂಟಿದರೆ ಅದು ಅರಗಿನಿಂದ ಮಾಡಿದ ಹಳೆಯ ಬಗೆಯ ಫ್ರೆಂಚ್ ಪಾಲಿಶ್. ಏನೂ ಆಗದಿದ್ದರೆ ಮೆಲಮೈನ್ ಅಥವಾ ಪಾಲಿಯುರೆಥೇನ್ ಎಂಬ ಈಗಿನ ಕಾಲದ ರಾಸಾಯನಿಕ ಲೇಪ, ಅಂದರೆ ಈಚೆಗೆ ಒಮ್ಮೆ ಉಜ್ಜಿದ್ದಾರೆ ಎಂದರ್ಥ. ಅರಗಿನ ಪಾಲಿಶ್ ಉಳಿದಿದ್ದರೆ ಒಣ ಬಟ್ಟೆಯಿಂದ ಒರೆಸಿ, ಜೇನುಮೇಣವನ್ನು ತೆಳುವಾಗಿ ಹಚ್ಚಿದರೆ ಬೇರೇನೂ ಬೇಡ.

ಹುಳದ ವಿಷಯದಲ್ಲಿ ತೂತುಗಳಿಗೆ ಹೆದರಬೇಕಾಗಿಲ್ಲ, ಹುಡಿಗೆ ಹೆದರಬೇಕು. ಪೆಟ್ಟಿಗೆಯ ಅಡಿಯಲ್ಲಿ ಒಂದು ವಾರ ಕಪ್ಪು ಕಾಗದ ಹಾಸಿಡಲು ಕೇಳಿ. ಹೊಸ ಹುಡಿ ಉದುರಿದರೆ ಮರ ಕೊರೆಯುವ ಕುಟ್ಟೆ ಹುಳ ಇನ್ನೂ ಕೆಲಸ ಮಾಡುತ್ತಿದೆ. ಅದು ಸಾಮಾನ್ಯವಾಗಿ ಕಾಂಡದ ಹೊರಸುತ್ತಿನ ಬಿಳಿಭಾಗವನ್ನು ತಿನ್ನುತ್ತದೆ, ಬೀಟೆ ಮತ್ತು ತೇಗದ ಕೆಚ್ಚಿಗೆ ತಂಟೆ ಕೊಡುವುದು ಅಪರೂಪ. 2018ರ ಮಳೆಗಾಲದಲ್ಲಿ ನೀರು ಕಂಡ ಸಾಮಾನುಗಳೂ ಮಾರುಕಟ್ಟೆಯಲ್ಲಿರಬಹುದಾದ್ದರಿಂದ ಕಾಲು ಮತ್ತು ಕೆಳಹಲಗೆಯಲ್ಲಿ ನೀರಿನ ಗೆರೆ, ಬಿಟ್ಟ ಅಂಟು, ಬಾಗಿದ ಹಲಗೆ ಇವೆಯೇ ನೋಡಿ.

ಬೆಲೆಯ ಲೆಕ್ಕವನ್ನು ತಯಾರಿಕೆಯ ವೆಚ್ಚದಿಂದ ಆರಂಭಿಸುವುದು ಸುರಕ್ಷಿತ. ಇದೇ ಪೆಟ್ಟಿಗೆಯನ್ನು ಇಂದು ಮಾಡಿಸಲು, ಕೊಯ್ತ ಮತ್ತು ಹೆರೆತದಲ್ಲಿ ಹೋಗುವುದನ್ನೂ ಸೇರಿಸಿ, ಹೊರಮೈಗೆ ಸುಮಾರು ನಾಲ್ಕು ಘನ ಅಡಿ ಒಳ್ಳೆಯ ಮರ, ಒಳಗಿನದಕ್ಕೆ ಎರಡೂವರೆ ಘನ ಅಡಿ ಸಾಧಾರಣ ಮರ ಬೇಕು. ಗೋಣಿಕೊಪ್ಪಲಿನ ಮರದ ಮಿಲ್ಲಿನಲ್ಲಿ ಇಂದಿನ ದರ ಕೇಳಿ, ನುರಿತ ಆಚಾರಿಯೊಬ್ಬರ ಮೂರು ವಾರಗಳ ಕೂಲಿ, ಎರಕದ ಹಿತ್ತಾಳೆ ಸಾಮಾನಿನ ಬೆಲೆ ಕೂಡಿಸಿ. ಚರಿತ್ರೆಯ ಕಾಗದವಿಲ್ಲದ, ಸಿಲ್ವರ್ ಓಕಿನ ತಳವಿರುವ, ಆದರೆ ಗಟ್ಟಿಮುಟ್ಟಾದ ಪೆಟ್ಟಿಗೆಗೆ ಆ ಮೊತ್ತವೇ ಮೇಲಿನ ಗಡಿ. ಹಿಡಿಕೆ ಬದಲಾಗಿದ್ದರೆ ಅದರಲ್ಲಿ ಐದನೆಯ ಒಂದು ಭಾಗವನ್ನಾದರೂ ಕಳೆಯಿರಿ. ಯಂತ್ರದಲ್ಲಿ ಉಜ್ಜಿದ್ದರೆ ಅಷ್ಟನ್ನೇ ಇನ್ನೊಮ್ಮೆ. ಕಾಲು ಬದಲಾಗಿರುವುದು ದೊಡ್ಡ ದೋಷವಲ್ಲ, ಏಕೆಂದರೆ ಬಿಚ್ಚಿಡುವ ಕಾಲುಗಳು ಕಳೆದುಹೋಗುವುದು ಸಹಜ. ಇದಕ್ಕೆ ವ್ಯತಿರಿಕ್ತವಾಗಿ, ತಳ ಹಲಸಿನದೋ ತೇಗದ್ದೋ ಆಗಿ, ಮೊಂಡು ತಿರುಪುಗಳು ಸಿಕ್ಕಿ, ಎರಡೂ ಅರ್ಧಗಳು ಸರಿಜೋಡಿಯಾಗಿ, ಹೊರಮೈ ಬೀಟೆಯೇ ಆಗಿದ್ದರೆ ಇದು 19ನೇ ಶತಮಾನದ ನಡುಭಾಗದ ಭಾರತೀಯ ಕೆಲಸ. ಆಗ ಕೇಳಿದ ಬೆಲೆ ಹೆಚ್ಚೆಂದು ನಾನು ಹೇಳುವುದಿಲ್ಲ. ಈಗಿನ ವಿವರಗಳನ್ನೇ ನಂಬಿ ಹೇಳುವುದಾದರೆ ಒಂದು ಲಕ್ಷದ ಆಸುಪಾಸಿನಿಂದ ಮಾತು ಆರಂಭಿಸುವುದು ಇಬ್ಬರಿಗೂ ನ್ಯಾಯ. ಅಂತರಜಾಲದಲ್ಲಿ ಮಾರುವವರು ಬರೆದುಕೊಂಡ ಬೆಲೆಗಳನ್ನು ಆಧಾರವಾಗಿ ತೋರಿಸಿದರೆ ಒಪ್ಪಬೇಡಿ. ಹರಾಜು ಸಂಸ್ಥೆಗಳು ಪ್ರಕಟಿಸುವ, ನಿಜವಾಗಿ ಮಾರಾಟವಾದ ಬೆಲೆಗಳನ್ನಷ್ಟೇ ಹೋಲಿಸಬೇಕು.

ವ್ಯವಹಾರ ಕುದುರಿದರೆ ಬಿಲ್ಲಿನಲ್ಲಿ ಮರದ ಹೆಸರು, ಅಂದಾಜು ಕಾಲ, ಮಾಡಿದ ರಿಪೇರಿ, ಯಾವ ಬಂಗಲೆಯಿಂದ ಬಂದದ್ದು ಎಂಬುದನ್ನು ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ 1834 ಎಂದವರು ಕಾಗದದ ಮೇಲೆ ಅದನ್ನು ಬರೆಯಲು ಒಪ್ಪುತ್ತಾರೆಯೇ ಎಂಬುದೇ ಒಂದು ಪರೀಕ್ಷೆ. ಬರೆದುಕೊಟ್ಟ ವಿವರ ಸುಳ್ಳಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಲು ಅದು ಆಧಾರವಾಗುತ್ತದೆ. ಕೀಲಿತೂತಿನ ಸುತ್ತ ಬಿಳಿಯ ಅಲಂಕಾರವೇನಾದರೂ ಇದ್ದರೆ ಅದು ಮೂಳೆಯೋ ದಂತವೋ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಮೂಳೆಯಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳಿರುತ್ತವೆ, ದಂತದಲ್ಲಿ ಅವಿರುವುದಿಲ್ಲ. ದಂತವಾದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರ ವ್ಯಾಪಾರ ನಿಷಿದ್ಧವಾದ್ದರಿಂದ ಆ ಪೆಟ್ಟಿಗೆಯನ್ನು ಕೊಳ್ಳಲೇಬಾರದು.

ಕೆನಡಾಕ್ಕೆ ಕಳುಹಿಸುವ ವಿಚಾರದಲ್ಲಿ ಮಾರುವವರ ಮಾತು ನಿಜವಾದಷ್ಟೂ ತಮ್ಮ ದಾರಿ ಮುಚ್ಚುತ್ತದೆ. ನೂರು ವರ್ಷ ಮೀರಿದ ಕಲಾಕುಶಲ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದನ್ನು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ತಡೆಯುತ್ತದೆ. ಅಷ್ಟು ಹಳೆಯದಲ್ಲವೆಂದು ಕಂಡುಬಂದರೆ, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ತಜ್ಞರಿಗೆ ತೋರಿಸಿ, ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದು ಕಳುಹಿಸಬಹುದು. ಬೀಟೆಯದಾದರೆ ಅದರ ಮೇಲೆ ಇನ್ನೊಂದು ಕಟ್ಟಳೆಯಿದೆ: ಬೀಟೆ ಸೇರಿರುವ ಮರಗಳ ಕುಲ 2017ರ ಜನವರಿಯಿಂದ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದ್ದು, ಹತ್ತು ಕಿಲೋವರೆಗಿನ ಸಿದ್ಧವಸ್ತುಗಳಿಗೆ ಇರುವ ವಿನಾಯಿತಿ ಇಷ್ಟು ಭಾರದ ಪೆಟ್ಟಿಗೆಗೆ ಸಿಗುವುದಿಲ್ಲ, ಮರ ಪಟ್ಟಿಗೆ ಸೇರುವುದಕ್ಕೂ ಮುಂಚಿನದೆಂದು ತೋರಿಸುವ ದಾಖಲೆಯೊಂದಿಗೆ ಅನುಮತಿ ಪಡೆಯಬೇಕು. ಬಂಗಲೆಯ ಹೆಸರಿರುವ ಬಿಲ್ಲು, ಪೆಟ್ಟಿಗೆ ಬಂಗಲೆಯಲ್ಲಿದ್ದ ಹಳೆಯ ಚಿತ್ರ ಅಲ್ಲಿಯೂ ಕೆಲಸಕ್ಕೆ ಬರುತ್ತವೆ. ತೇಗದ್ದೋ ಹಲಸಿನದೋ ಆದರೆ ಈ ಎರಡನೆಯ ತೊಡಕು ಇಲ್ಲ. ಹಾಗಾಗಿ ತೂಕ ಮತ್ತು ತಳದ ಹಲಗೆಯ ಪರೀಕ್ಷೆಗಳನ್ನು ಮೊದಲು ಮಾಡಿಸಿ, ಭೂತಗನ್ನಡಿಯಲ್ಲಿ ಕಂಡ ಮರದ ತುದಿಯ ಸ್ಪಷ್ಟ ಚಿತ್ರ, ಬಿಚ್ಚಿದ ತಿರುಪಿನ ಚಿತ್ರ ಮತ್ತು ಕೆಳಗೂಡಿನ ತಲೆಯ ಹಲಗೆಯ ಚಿತ್ರಗಳನ್ನು ನನಗೆ ಕಳುಹಿಸಿದರೆ, ಕಾಲವನ್ನು ಇನ್ನೂ ಹತ್ತಿರಕ್ಕೆ ತಂದು ಹೇಳುತ್ತೇನೆ.